ಕೋಲಿನ ಆ ತುದಿ

ನನಗೆ ಆರು ವರ್ಷ ತುಂಬಿದ ಮೇಲೆ ಮನೆಯಲ್ಲಿ ಒಂದು ಕೆಲಸ ಸಿಕ್ಕಿತು: ತಾತನ ಕೋಲಿನ ಮುಂದಿನ ತುದಿ ಹಿಡಿದು ನಡೆಯುವುದು. ಹಿಂದಿನ ತುದಿ ತಾತನ ಕೈಯಲ್ಲಿ. ನನಗಿಂತ ಮೊದಲು ಆ ತುದಿ ಅಣ್ಣನದಾಗಿತ್ತು, ಅವನಿಗೂ ಮೊದಲು ಚಿಕ್ಕಪ್ಪನದು, ಇನ್ನೂ ಹಿಂದೆ ಅತ್ತೆಯದು. ಹಳೇ ಲಂಗ, ಹಳೇ ಸ್ಲೇಟು ಇಳಿದು ಬರುವ ಹಾಗೆ ಈ ಕೋಲೂ ದೊಡ್ಡವರಿಂದ ಚಿಕ್ಕವರಿಗೆ ಇಳಿದು ಬಂದಿತ್ತು. ಬಿದಿರಿನದು. ಎರಡೂ ತುದಿ ಕೈಬೆವರಿಗೆ ನುಣುಪಾಗಿ, ನಡುವಿನ ಗೆಣ್ಣು ಮಾತ್ರ ಒರಟಾಗಿ ಉಳಿದಿತ್ತು.

ನಮ್ಮೂರು ತಿಪಟೂರಿನಿಂದ ಆರು ಮೈಲಿ. ತಾತನಿಗೆ ಏಳನೇ ವಯಸ್ಸಿನಲ್ಲಿ 'ಅಮ್ಮ' ಬಂದು ಎರಡೂ ಕಣ್ಣು ಹೋಗಿದ್ದವು. ಸಿಡುಬನ್ನು ನಮ್ಮ ಕಡೆ ಹಾಗೆ ಕರೆಯುತ್ತಿದ್ದರು. ಬೇರೆ ಹೆಸರಿಟ್ಟರೆ ದೇವಿ ಮುನಿದಾಳೆಂಬ ಭಯ. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ, ದೇಶ ಸಿಡುಬುಮುಕ್ತವೆಂದು ಘೋಷಣೆಯಾದದ್ದು 1977ರಲ್ಲಿ. ಆ ಸುದ್ದಿ ಕೇಳಲು ತಾತ ಇರಲಿಲ್ಲ. "ಇಲ್ಲಿ ಎಷ್ಟು ಗುಳಿ ಅವೆ, ಎಣಿಸು ಮಗಾ" ಅಂತ ಕೆನ್ನೆಯ ಕಲೆಗಳ ಮೇಲೆ ನನ್ನ ಬೆರಳು ಓಡಿಸಿ ನನಗೆ ಎಣಿಕೆ ಕಲಿಸಿದವರು ಅವರು.

ಹೊಸಿಲಿನ ಒಳಗೆ ಅವರಿಗೆ ಯಾರೂ ಬೇಕಿರಲಿಲ್ಲ. ಹಿತ್ತಿಲ ಬಾಗಿಲಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾವಿಕಟ್ಟೆಗೆ ತಾವೇ ಹೊಸೆದ ತೆಂಗಿನ ನಾರಿನ ಹಗ್ಗ ಕಟ್ಟಿಕೊಂಡಿದ್ದರು. ಅದರ ಮೇಲೆ ಅಂಗೈ ಜಾರಿಸುತ್ತ ಹೋಗುವುದು. ಹಗ್ಗದಲ್ಲಿ ಗಂಟು ಸಿಕ್ಕಿದರೆ ಮೆಟ್ಟಿಲು ಬಂತು ಎಂದರ್ಥ. ಹೊತ್ತು ಗೊತ್ತಾಗುತ್ತಿದ್ದದ್ದು ಜಗಲಿಯ ಕಲ್ಲಿನ ಬಿಸಿಯಿಂದ. ಪಂಚೆಯ ಒಂದು ಮೂಲೆಯಲ್ಲಿ ರೂಪಾಯಿ, ಇನ್ನೊಂದು ಮೂಲೆಯಲ್ಲಿ ಚಿಲ್ಲರೆ. ಆಗಿನ ಚಿಲ್ಲರೆಯನ್ನು ನೆನೆಸಿಕೊಂಡರೆ ಈಗಲೂ ನನಗೆ ಗೌರವ ಬರುತ್ತದೆ. ಮೂರು ಪೈಸೆಗೆ ಆರು ಮೂಲೆ, ಐದು ಪೈಸೆಗೆ ನಾಲ್ಕು ಮೂಲೆ, ಹತ್ತು ಪೈಸೆಗೆ ಹೂವಿನ ಎಸಳಿನಂಥ ಅಂಚು. ಕಣ್ಣಿದ್ದವರು ಮಾಡಿದ್ದೇ ಆದರೂ ಬೆರಳಿಗೆ ತಿಳಿಯುವ ಹಾಗೆ ಮಾಡಿದ್ದರು. ಅಂಗಡಿಯವನು ತಾತನಿಗೆ ಒಂದು ಪೈಸೆ ಮೋಸ ಮಾಡಿದ್ದಿಲ್ಲ.

ಅಂಗಡಿಯವರೆಗೆ ಹೋಗಲು ಮಾತ್ರ ಮಗು ಬೇಕಿತ್ತು. ನಾನು ಓಡಿದರೆ ಕೋಲು ಹಿಂದಕ್ಕೆ ಜಗ್ಗುತ್ತಿತ್ತು. ಹುಣಸೆಮರದ ಕೆಳಗೆ ನಿಂತರೆ ಬೆನ್ನಿಗೆ ತಿವಿಯುತ್ತಿತ್ತು. ಒಂದು ಸಲ 'ಗುಂಡಿ' ಅನ್ನುವುದು ಮರೆತು ನಾನು ಹಾರಿ ದಾಟಿದೆ, ತಾತ ಮೊಣಕಾಲುದ್ದ ಚರಂಡಿಗೆ ಬಿದ್ದರು. ಎದ್ದು ಪಂಚೆ ಹಿಂಡಿಕೊಂಡು ಬೈಯದೆ, "ನಾಳೆಯಿಂದ ನೀನು ಹಾರಿದ್ರೆ ಹೇಳವ್ವ, ನಾನೂ ಹಾರ್ತೀನಿ" ಅಂದರು.

ನನ್ನ ಕಣ್ಣು ಹೋದದ್ದಕ್ಕೆ ದೇವಿ ಕಾರಣಳಲ್ಲ. ಅವ್ವ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ರಕ್ತದಲ್ಲಿ ಬರುವ ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ಕಾಯಿಲೆ ಇಂಥ ಮನೆಗಳಲ್ಲಿ ಹೆಚ್ಚು ಎಂದು ಆಮೇಲೆ ಡಾಕ್ಟರು ವಿವರಿಸಿದರು. ಹನ್ನೆರಡಕ್ಕೆ ಇರುಳುಗಣ್ಣು ಶುರುವಾಯಿತು, ಸಂಜೆಯಾದರೆ ಒರಳು, ಬಿಂದಿಗೆ ಎಲ್ಲ ಕಾಲಿಗೆ ಬರುತ್ತಿದ್ದವು. ಇಪ್ಪತ್ತೆರಡರ ಹೊತ್ತಿಗೆ ಬೀಗದ ಕಿಂಡಿಯಷ್ಟು ಬೆಳಕು ಉಳಿದಿತ್ತು. ಮುಂದೆ ಅದೂ ಇಲ್ಲ. ಅವ್ವ ಅಟ್ಟದಿಂದ ಬಿದಿರಿನ ಕೋಲು ಇಳಿಸಿ, ಅಣ್ಣನ ಐದು ವರ್ಷದ ಮಗಳನ್ನು ಕರೆದು ಮುಂದಿನ ತುದಿ ಹಿಡಿಸಿದಳು. ನಾನು ಹಿಂದಿನ ತುದಿ ಹಿಡಿದೆ. ತಾತ ಎಂದೂ ಬಾಯಿಬಿಟ್ಟು ಹೇಳದೆ ಇದ್ದ ಒಂದು ಸಂಗತಿ ಅವತ್ತು ತಿಳಿಯಿತು. ಬೀಳುವ ಭಯ ದೊಡ್ಡದಲ್ಲ. ದಾರಿಯಲ್ಲಿ ಯಾರದೋ ಮನೆಯ ಮಲ್ಲಿಗೆಯ ಘಮ ಬಂದರೆ ನಿಲ್ಲಬೇಕೋ ಬೇಡವೋ ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಅದು ಆ ತುದಿಯವರದು.

ನಮ್ಮ ಕಥೆಗಳಲ್ಲೂ ಹಾಗೆಯೇ. ಶ್ರವಣಕುಮಾರ ಕಣ್ಣಿಲ್ಲದ ಅಪ್ಪ ಅಮ್ಮನನ್ನು ಕಾವಡಿಯಲ್ಲಿ ಹೊತ್ತ. ಅವರೇ ಕೋಲು ಹಿಡಿದು ನೀರಿಗೆ ಹೋಗಿದ್ದರೆ ಕಥೆಯೇ ಹುಟ್ಟುತ್ತಿರಲಿಲ್ಲ. ಧೃತರಾಷ್ಟ್ರನಿಗೂ ಯುದ್ಧ ನೋಡಿ ಹೇಳಲು ಒಬ್ಬ ಸಂಜಯ ಬೇಕಾದ. ಹೊರದೇಶದವರೂ ಭಿನ್ನರಲ್ಲ. 1568ರಲ್ಲಿ ಬ್ರೂಗೆಲ್ ಎಂಬ ಫ್ಲಾಂಡರ್ಸಿನ ಚಿತ್ರಕಾರ ಆರು ಜನ ಕುರುಡರ ಸಾಲೊಂದನ್ನು ಬರೆದಿದ್ದಾನೆ. ಒಬ್ಬರ ಕೋಲು ಒಬ್ಬರು, ಒಬ್ಬರ ಹೆಗಲು ಇನ್ನೊಬ್ಬರು ಹಿಡಿದಿದ್ದಾರೆ. ಮುಂದಿನವನು ಹಳ್ಳಕ್ಕೆ ಬಿದ್ದಾಗಿದೆ, ಎರಡನೆಯವನು ಬೀಳುತ್ತಿದ್ದಾನೆ. ಗೆಳತಿಯೊಬ್ಬಳು ಆ ಚಿತ್ರವನ್ನು ನನಗೆ ಇಂಚಿಂಚಾಗಿ ವಿವರಿಸಿದಳು. ಅದ್ಭುತವಾಗಿದೆಯಂತೆ. ಇರಬಹುದು. ಆದರೆ ಅವರು ನಿತ್ಯ ನಡೆದಾಡುತ್ತಿದ್ದವರು, ಊರಿನ ಹಳ್ಳ ಎಲ್ಲಿದೆಯೆಂದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಬೀಳಲೇಬೇಕಿತ್ತು, ಯಾಕೆಂದರೆ ಚಿತ್ರಕಾರನಿಗೆ ಬೈಬಲ್ಲಿನ ಗಾದೆಯೊಂದು ಬೇಕಾಗಿತ್ತು.

ಕೋಲಿನ ಎರಡೂ ತುದಿಯನ್ನು ತಾನೇ ಹಿಡಿದ ಕುರುಡನ ಲಿಖಿತ ಸಾಕ್ಷಿ ನನಗೆ ಸಿಕ್ಕಿದ್ದು 1872ರದು. ಇಂಗ್ಲೆಂಡಿನ ಡಬ್ಲ್ಯು. ಹ್ಯಾಂಕ್ಸ್ ಲೆವಿ ಎಂಬ ಅಂಧ ಆ ವರ್ಷ ಕುರುಡುತನದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಒಂಟಿಯಾಗಿ ನಡೆಯುವುದು ಹೇಗೆಂದು ಅದರಲ್ಲೊಂದು ಭಾಗವಿದೆ. ಹೆಜ್ಜೆಗೆ ತಕ್ಕಂತೆ ಕೋಲನ್ನು ಆಚೀಚೆ ಆಡಿಸುತ್ತ ಹೋಗಬೇಕೆಂದು ಅವನು ಬರೆದಿಟ್ಟ. ಯಾರೂ ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ.

ಮೊದಲ ಮಹಾಯುದ್ಧ ಬಂದು ಗಂಡಸರ ಕಣ್ಣುಗಳನ್ನು ರಾಶಿಗಟ್ಟಲೆ ಕಿತ್ತುಕೊಂಡಾಗ ಸರಕಾರಗಳಿಗೆ ಎಚ್ಚರವಾಯಿತು. ಹುಟ್ಟುಗುರುಡನನ್ನು ಮೂಲೆಯಲ್ಲಿ ಕೂರಿಸಬಹುದು, ದೇಶಕ್ಕಾಗಿ ಕಣ್ಣು ಕಳೆದುಕೊಂಡವನನ್ನು ಕೂರಿಸಲು ಸಂಕೋಚ. 1915ರಲ್ಲಿ ಲಂಡನ್ನಿನಲ್ಲಿ ಸರ್ ಆರ್ಥರ್ ಪಿಯರ್ಸನ್ ಎಂಬ ಪತ್ರಿಕಾ ಮಾಲೀಕ ಸೇಂಟ್ ಡನ್‌ಸ್ಟನ್ಸ್ ಎಂಬ ಮನೆ ತೆರೆದ. ಗ್ಲಾಕೋಮಾದಿಂದ ಅವನ ಕಣ್ಣೂ ಹೋಗಿತ್ತು. ಅಲ್ಲಿ ಬ್ರೈಲ್, ಟೈಪಿಂಗ್, ಟೆಲಿಫೋನ್ ಕೆಲಸ, ಕೋಳಿ ಸಾಕಣೆ, ಬೂಟು ರಿಪೇರಿ, ಅಂಗಮರ್ದನ ಎಲ್ಲ ಕಲಿಸುತ್ತಿದ್ದರು. ಆದರೆ ನನಗೆ ಇಷ್ಟವಾದ ವಿವರ ಬೇರೆ. ಸೈನಿಕನಿಗೆ ಮೊದಲು ಕೊಡುತ್ತಿದ್ದದ್ದು ಮುಟ್ಟಿ ನೋಡುವ ಗಡಿಯಾರ. ಗಂಟೆ ಎಷ್ಟು ಅಂತ ಇನ್ನೊಬ್ಬರನ್ನು ಕೇಳದೆ ಇರುವುದರಿಂದ ಪಾಠ ಶುರು. ತಾತನ ಜಗಲಿ ಕಲ್ಲಿನ ಪಾಠವೂ ಅದೇ ಅಲ್ಲವೇ?

ಪಿಯರ್ಸನ್ ಸತ್ತದ್ದು 1921ರ ಡಿಸೆಂಬರಿನಲ್ಲಿ, ಸ್ನಾನದ ತೊಟ್ಟಿಯಲ್ಲಿ ಜಾರಿ ತಲೆಗೆ ಪೆಟ್ಟಾಗಿ, ಮುಳುಗಿ. ಇದನ್ನು ಹೇಳಿದಾಗಲೆಲ್ಲ ಕೇಳುವವರು "ಅಯ್ಯೋ, ಕಣ್ಣಿಲ್ಲದೆ ಹಾಗಾಯ್ತು" ಅನ್ನುತ್ತಾರೆ. ನಮ್ಮೂರಿನ ಬಚ್ಚಲಿನಲ್ಲಿ ಸೊಂಟ ಮುರಿದುಕೊಂಡವರ ಪಟ್ಟಿ ನನ್ನ ಹತ್ತಿರ ಇದೆ, ಎಲ್ಲರಿಗೂ ಕಣ್ಣು ಚೆನ್ನಾಗಿಯೇ ಇತ್ತು.

ಬ್ರಿಸ್ಟಲ್ ಪಟ್ಟಣದ ಜೇಮ್ಸ್ ಬಿಗ್ಸ್ ಎಂಬ ಛಾಯಾಗ್ರಾಹಕ ಅಪಘಾತದಲ್ಲಿ ಕಣ್ಣು ಕಳೆದುಕೊಂಡಿದ್ದ. ಮನೆಯ ಸುತ್ತ ಮೋಟಾರುಗಳ ಓಡಾಟ ಹೆಚ್ಚಾಗುತ್ತಿತ್ತು. ಚಾಲಕರಿಗೆ ಕಾಣಲೆಂದು ಅದೇ 1921ರಲ್ಲಿ ಅವನು ತನ್ನ ಕೋಲಿಗೆ ಬಿಳಿ ಬಣ್ಣ ಬಳಿದ. ಪ್ಯಾರಿಸಿನಲ್ಲಿ ಗಿಲಿ ದ'ಎರ್ಬೆಮಾಂ ಎಂಬ ಹೆಂಗಸು ಕುರುಡರು ರಸ್ತೆ ದಾಟುವ ಪಾಡು ನೋಡಿ, ಟ್ರಾಫಿಕ್ ಪೊಲೀಸರ ಕೈಯಲ್ಲಿರುವಂಥ ಬಿಳಿ ದಂಡವನ್ನೇ ಇವರಿಗೂ ಏಕೆ ಕೊಡಬಾರದೆಂದು ಪತ್ರಿಕೆಗೆ ಕಾಗದ ಬರೆದಳು. 1931ರ ಫೆಬ್ರವರಿ 7ರಂದು ಮಂತ್ರಿಗಳ ಎದುರು ಮೊದಲ ಎರಡು ಬಿಳಿ ಕೋಲು ಕೊಟ್ಟಳು, ಮುಂದೆ ಸುಮಾರು 5,000 ಹಂಚಿದಳು. ಅಮೆರಿಕದ ಪಿಯೋರಿಯಾ ಊರಿನಲ್ಲಿ ಲಯನ್ಸ್ ಕ್ಲಬ್ಬಿನವರ ಒತ್ತಾಯಕ್ಕೆ 1930ರ ಡಿಸೆಂಬರಿನಲ್ಲೇ ಬಿಳಿ ಕೋಲಿನವರಿಗೆ ರಸ್ತೆಯಲ್ಲಿ ಮೊದಲ ದಾರಿ ಬಿಡಬೇಕೆಂಬ ಕಟ್ಟಳೆಯಾಯಿತು.

ಇಷ್ಟೆಲ್ಲ ಆದರೂ ಆ ಕೋಲು ನಡೆಯಲು ಒದಗುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಬಣ್ಣ ಇರುವುದು ನೋಡುವವರಿಗಾಗಿ. ಹಿಡಿದವನಿಗೆ ಬಣ್ಣದಿಂದ ಏನೂ ಗೊತ್ತಾಗುವುದಿಲ್ಲ. ಅವನಿಗೆ ಬೇಕಾದದ್ದು ಉದ್ದ. ಮುದುಕರು ಊರಿಕೊಳ್ಳುವ ಮೋಟು ಕೋಲಿಗೆ ಸುಣ್ಣ ಬಳಿದು ಕೊಟ್ಟರೆ ಕಾಲು ಬಿದ್ದ ಮೇಲೆ ಕೋಲು ಬೀಳುತ್ತದೆ, ಅಷ್ಟೆ.

ಉದ್ದ ಬಂದದ್ದು ಎರಡನೇ ಮಹಾಯುದ್ಧದಿಂದ. ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್ ಮಿಲಿಟರಿ ಆಸ್ಪತ್ರೆಗೆ ಕಣ್ಣು ಹೋದ ಸೈನಿಕರು ಬರುತ್ತಿದ್ದರು. ಅಲ್ಲಿ ರಿಚರ್ಡ್ ಹೂವರ್ ಎಂಬ ಸಾರ್ಜೆಂಟ್ ಇದ್ದ, ಹಿಂದೆ ಅಂಧರ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದವನು. 1944ರಲ್ಲಿ ತಾನೇ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓಡಾಡಿ ನೋಡಿದ. ಕೋಲು ಊರುಗೋಲಲ್ಲ, ಮುಂದೆ ಹೋಗಿ ನೆಲ ತಡವಿ ಬರುವ ಬೆರಳು ಎಂದು ಅವನಿಗೆ ಹೊಳೆಯಿತು. ಹಗುರವಾಗಿರಬೇಕು, ನೆಲದಿಂದ ಎದೆಗೂಡಿನವರೆಗೆ ಬರಬೇಕು. ಬಲಗಾಲು ಮುಂದಿಟ್ಟಾಗ ತುದಿ ಎಡಗಡೆ ತಟ್ಟಬೇಕು, ಎಡಗಾಲಿಗೆ ಬಲಗಡೆ. ಮುಂದಿನ ಹೆಜ್ಜೆ ಎಲ್ಲಿ ಬೀಳಲಿದೆಯೋ ಆ ಜಾಗವನ್ನು ಕೋಲು ಮೊದಲೇ ಮುಟ್ಟಿ ಬಂದಿರುತ್ತದೆ. ಭುಜಕ್ಕಿಂತ ಚೂರು ಅಗಲ, ಅದಕ್ಕಿಂತ ಹೆಚ್ಚಿಲ್ಲ. ಆಡುವುದು ಮಣಿಕಟ್ಟು, ತೋಳಲ್ಲ. ಇಷ್ಟೇ ವಿದ್ಯೆ. ಮಣಿಕಟ್ಟಿಗೆ ಹತ್ತಲು ನನಗೆ ಮೂರು ವಾರ ಹಿಡಿಯಿತು, ನನ್ನ ಕೆಲವು ಶಿಷ್ಯರಿಗೆ ಮೂರು ತಿಂಗಳು.

ಯುದ್ಧದಲ್ಲಿ ಕಣ್ಣು ಕಳೆದುಕೊಂಡು ಆ ಆಸ್ಪತ್ರೆಯಲ್ಲೇ ಮಲಗಿದ್ದ ರಸೆಲ್ ವಿಲಿಯಮ್ಸ್ 1948ರಲ್ಲಿ ಶಿಕಾಗೋ ಬಳಿಯ ಹೈನ್ಸ್ ಆಸ್ಪತ್ರೆಯ ಅಂಧರ ಕೇಂದ್ರಕ್ಕೆ ಮುಖ್ಯಸ್ಥನಾದ. 1960ರಲ್ಲಿ ಬಾಸ್ಟನ್ ಕಾಲೇಜಿನಲ್ಲಿ ಕೋಲಿನ ನಡಿಗೆ ಕಲಿಸುವವರಿಗೆಂದೇ ಕೋರ್ಸು ಶುರುವಾಯಿತು. ವಿದ್ಯೆಗೆ ಡಿಗ್ರಿ ಬಂತು, ಡಿಗ್ರಿಯ ಹಿಂದೆ ಒಂದು ವಿಚಿತ್ರವೂ ಬಂತು: ಕಣ್ಣಿಲ್ಲದವರು ಕೋಲು ಕಲಿಸಬಾರದೆಂದು ಆ ದೇಶದಲ್ಲಿ ಬಹಳ ಕಾಲ ಅವರಿಗೆ ಪ್ರಮಾಣಪತ್ರವನ್ನೇ ಕೊಡುತ್ತಿರಲಿಲ್ಲ. ಲೆವಿ ಬದುಕಿದ್ದರೆ ತನ್ನದೇ ವಿದ್ಯೆ ಕಲಿಸಲು ಅವನು ಅನರ್ಹ.

ನಮ್ಮ ದೇಶಕ್ಕೂ ಇದು ಯುದ್ಧದ ದಾರಿಯಲ್ಲೇ ಬಂತು. 1943ರಲ್ಲಿ ಡೆಹರಾಡೂನಿನಲ್ಲಿ ಭಾರತೀಯ ಸೈನಿಕರಿಗಾಗಿ ಸೇಂಟ್ ಡನ್‌ಸ್ಟನ್ಸ್ ಹಾಸ್ಟೆಲ್ ಶುರುವಾಯಿತು. ಅದನ್ನು ಕಟ್ಟಿದ ಸರ್ ಕ್ಲೂಥಾ ಮೆಕೆಂಜಿ ನ್ಯೂಜಿಲೆಂಡಿನವನು, 1915ರಲ್ಲಿ ಗಲಿಪೊಲಿ ಕಾಳಗದಲ್ಲಿ ಕಣ್ಣು ಕಳೆದುಕೊಂಡು ಲಂಡನ್ನಿನ ಸೇಂಟ್ ಡನ್‌ಸ್ಟನ್ಸ್‌ನಲ್ಲೇ ಕಲಿತವನು. 1950ರಲ್ಲಿ ಸರಕಾರ ಅದನ್ನು ವಯಸ್ಕ ಅಂಧರ ತರಬೇತಿ ಕೇಂದ್ರ ಮಾಡಿತು, ಮರುವರ್ಷ ಅಲ್ಲೇ ಬ್ರೈಲ್ ಮುದ್ರಣಾಲಯ ಬಂತು. ಮೈಸೂರಿನಲ್ಲಿ ಇದಕ್ಕೆಲ್ಲ ಬಹಳ ಮೊದಲು, 1901ರಲ್ಲೇ, ಎಂ. ಶ್ರೀನಿವಾಸ ರಾಯರು ಕಿವುಡ ಮತ್ತು ಅಂಧ ಮಕ್ಕಳ ಶಾಲೆ ತೆರೆದಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರೇ, ಕಣ್ಣಿಲ್ಲದ ಮಕ್ಕಳಿಗೆ ಸ್ವರ ಕೊಟ್ಟರು, ಅನ್ನ ಕೊಟ್ಟರು. ಹಾಡಿ ಬದುಕಬಹುದೆಂದು ಕನ್ನಡಿಗರಿಗೆ ತೋರಿಸಿಕೊಟ್ಟವರು ಅವರು. ನನಗೆ ಗಂಟಲಿರಲಿಲ್ಲ. ನಾನು ಹಾಡಿದರೆ ಎಮ್ಮೆ ಹಗ್ಗ ಹರಿದುಕೊಳ್ಳುತ್ತಿತ್ತು. ನನ್ನಂಥವರಿಗೆ ಕೋಲೇ ಗತಿ.

1986ರಲ್ಲಿ ಬೆಂಗಳೂರಿನ ತರಬೇತಿ ಕೇಂದ್ರವೊಂದಕ್ಕೆ ಸೇರಿದೆ. ಮೂರನೇ ವಾರ ಮೇಷ್ಟ್ರು ನನ್ನನ್ನು ಗಾಂಧಿ ಬಜಾರಿನಲ್ಲಿ ಬಿಟ್ಟು, "ಕಡ್ಲೆಕಾಯಿ ತಗೊಂಡು ಬಸ್ ಸ್ಟಾಪಿಗೆ ಬನ್ನಿ" ಅಂದರು. ಬೀದಿ ದಾಟಲು ಹೆಣಗಿ, ಸೈಕಲ್ಲೊಂದನ್ನು ಬೀಳಿಸಿ, ಮೂವರ ಹತ್ತಿರ ಬೈಸಿಕೊಂಡು ಹೋದೆ. ದಾರಿಯಲ್ಲಿ ಹೂವಿನ ಸಾಲು ಸಿಕ್ಕಿತು. ಅಲ್ಲಿ ನಿಂತೆ. ಕೊಳ್ಳುವ ದುಡ್ಡಿರಲಿಲ್ಲ, ಸುಮ್ಮನೆ ನಿಂತೆ. ಯಾರೂ ಮುಂದಕ್ಕೆ ಎಳೆಯಲಿಲ್ಲ.

ಆಮೇಲೆ ಮೂವತ್ತು ವರ್ಷ ತುಮಕೂರು, ಹಾಸನ ಕಡೆಯ ಹಳ್ಳಿಗಳಲ್ಲಿ ಇದನ್ನೇ ಕಲಿಸಿದೆ. ಬೇಗ ಗೊತ್ತಾದದ್ದೇನೆಂದರೆ, ಹೂವರನ ಕೋಲು ಆಸ್ಪತ್ರೆಯ ಮೊಗಸಾಲೆಗೂ ಸಿಮೆಂಟಿನ ಕಾಲುದಾರಿಗೂ ಹುಟ್ಟಿದ್ದು. ಜಡಿಮಳೆಯಲ್ಲಿ ಗದ್ದೆಬದುವಿನ ಮೇಲೆ ಅದನ್ನು ತಟ್ಟಿದರೆ ಕೆಸರಿಗೆ ಸಿಕ್ಕಿ ಹಾಕಿಕೊಳ್ಳುತ್ತದೆ. ಸೆಗಣಿಯಂತೂ ಹೇಳುವುದೇ ಬೇಡ. ನಾವು ತಟ್ಟುವುದನ್ನು ಬಿಟ್ಟು ನೆಲದ ಮೇಲೆ ಜಾರಿಸುವುದನ್ನು ಕಲಿಸಿದೆವು. ಮಡಚುವ ಅಲ್ಯೂಮಿನಿಯಂ ಕೋಲು ಗೂಳಿ ತುಳಿದೋ ಬಸ್ಸಿನ ಬಾಗಿಲಿಗೆ ಸಿಕ್ಕೋ ಸೊಟ್ಟಗಾದರೆ ಊರಲ್ಲೇ ಬಿದಿರು ಕಡಿದು, ತುದಿಗೆ ಹಳೇ ಸೈಕಲ್ ಟೈರಿನ ತುಂಡು ಮೊಳೆ ಹೊಡೆದು, ಬಿಳಿ ಪೇಂಟು ಬಳಿದೆವು. ದಾರಿಯ ಗುರುತುಗಳೂ ನಮ್ಮವೇ: ಹಿಟ್ಟಿನ ಮಿಲ್ಲಿನ ಸದ್ದು ಬಲಕ್ಕೆ ಬಂದರೆ ಶಾಲೆ ಎಡಕ್ಕೆ, ಅರಳಿಮರದ ಎಲೆ ಸದ್ದು ತಲೆ ಮೇಲೆ ಬಂದರೆ ಕಟ್ಟೆ, ಒಣಗಿದ ಕೊಬ್ಬರಿಯ ವಾಸನೆ ಬಂದರೆ ಮಂಡಿಯವರ ಮನೆ. ಮಿಲ್ಲು ಕರೆಂಟಿಲ್ಲದೆ ನಿಂತ ದಿನ ನಮ್ಮ ಹುಡುಗರಿಗೆ ದಾರಿ ತಪ್ಪುತ್ತಿತ್ತು.

ಕೋಲು ಕಲಿಸಲು ಹೋದವಳು ಒಲೆಯನ್ನೂ ಕಲಿಸಬೇಕಾಯಿತು. ನನಗೆ ಕೊಟ್ಟಿದ್ದ ಕೈಪಿಡಿಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವುದು ಹೇಗೆಂದು ಎರಡು ಪುಟ ಇತ್ತು. ರಾಗಿಮುದ್ದೆಗೆ ಒಂದು ಸಾಲೂ ಇಲ್ಲ. ಮುದ್ದೆಗೆ ಕಣ್ಣು ಬೇಕಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಎಸರು ಮೊದಲು ಸಿಳ್ಳೆ ಹಾಕುತ್ತದೆ, ಆಮೇಲೆ ಗೊಣಗುತ್ತದೆ, ಕೊನೆಗೆ ದಪ್ಪ ದನಿಯಲ್ಲಿ ಕೊತಕೊತ ಅನ್ನುತ್ತದೆ. ಆಗ ಹಿಟ್ಟು. ಮಡಕೆಯನ್ನು ಕವೆಯಲ್ಲಿ ಒತ್ತಿ ಹಿಡಿದು ಕೋಲಿನಲ್ಲಿ ತಿರುವುವಾಗ ಮೊದಲು ಕೋಲು ಹಗುರ, ಗಂಟಿದ್ದರೆ ಬಡಿಯುತ್ತದೆ, ಬೆಂದರೆ ಒಂದೇ ಸಮ ಭಾರ. ಅತ್ತೆಯಂದಿರು "ಕಣ್ಣಿಲ್ದೋಳನ್ನ ಒಲೆ ಮುಂದೆ ಕೂರಿಸ್ತೀರಾ" ಅಂತ ನನ್ನ ಮೇಲೆ ರೇಗುತ್ತಿದ್ದರು. ಉಂಡ ಮೇಲೆ ರೇಗುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು, ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕುವುದು, ಒಗೆದ ರವಿಕೆಗಳನ್ನು ಅದರದರ ಸೀರೆಯ ಮಡಿಕೆಯೊಳಗೇ ಇಡುವುದು. ಇವೆಲ್ಲ ನಾನು ಕಲಿಸಿದ್ದೆಷ್ಟೋ ಅವರಿಂದ ಕಲಿತದ್ದೂ ಅಷ್ಟೇ.

ದುಡ್ಡಿನ ಪಾಠ ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಯಿತು. ಹಳೆಯ ಗಾಂಧಿ ನೋಟುಗಳಲ್ಲಿ ಐವತ್ತು 147 ಮಿಲಿಮೀಟರ್, ನೂರು 157, ಐನೂರು 167. ಬೆರಳಿಗೆ ಹತ್ತು ಮಿಲಿಮೀಟರಿನ ಅಂತರ ಸಿಗುತ್ತಿತ್ತು. 2016ರಿಂದ ಈಚೆ ಬಂದ ಹೊಸ ನೋಟುಗಳಲ್ಲಿ ನೂರು 142, ಇನ್ನೂರು 146, ಐನೂರು 150. ನಾಲ್ಕು ಮಿಲಿಮೀಟರ್, ಅಂದರೆ ಒಂದು ಕಡಲೆಬೇಳೆಯಷ್ಟು. ಅಗಲವಂತೂ ಮೂರಕ್ಕೂ ಒಂದೇ. ಉಬ್ಬಿದ ಗುರುತುಗಳಿವೆ, ನೂರಕ್ಕೆ ತ್ರಿಕೋನ, ಐನೂರಕ್ಕೆ ವೃತ್ತ. ನಾಲ್ಕು ಸಂತೆ ಸುತ್ತಿದ ನೋಟಿನಲ್ಲಿ ಅವು ಸವೆದು ಹೋಗಿರುತ್ತವೆ. 2020ರಲ್ಲಿ ರಿಸರ್ವ್ ಬ್ಯಾಂಕು ಮಣಿ ಎಂಬ ಆ್ಯಪ್ ತಂದಿದೆ, ಫೋನಿನ ಕ್ಯಾಮೆರಾ ನೋಡಿ ನೋಟು ಎಷ್ಟರದೆಂದು ಹೇಳುತ್ತದೆ. ಉಪಕಾರವೇ. ಆದರೂ ಸಂತೆಯ ನೂಕಾಟದಲ್ಲಿ ಒಂದು ಕೈಲಿ ಕೋಲು, ಒಂದು ಕೈಲಿ ಚೀಲ, ಫೋನು ಹಿಡಿಯಲು ಮೂರನೇ ಕೈ ಯಾರು ಕೊಡುತ್ತಾರೆ? ತಾತನ ಆರು ಮೂಲೆಯ ಮೂರು ಪೈಸೆ ಕಾಡುತ್ತದೆ.

ದೆಹಲಿಯ ಐಐಟಿಯವರು 2014ರಲ್ಲಿ ತಂದ ಸ್ಮಾರ್ಟ್‌ಕೇನ್ ಕೂಡ ಹಿಡಿದು ನೋಡಿದ್ದೇನೆ. ಹೂವರನ ಕೋಲಿಗೆ ನೆಲ ಗೊತ್ತು, ಎದೆಮಟ್ಟದ ಕೊಂಬೆ, ಲಾರಿಯ ಹಿಂಬದಿ ಗೊತ್ತಾಗುವುದಿಲ್ಲ. ಇದು ಶಬ್ದದ ಅಲೆ ಬಿಟ್ಟು ಅದನ್ನು ತಿಳಿದು ಹಿಡಿಕೆಯಲ್ಲಿ ನಡುಗುತ್ತದೆ. ನನ್ನ ಹಣೆಯ ಮೇಲಿನ ಮೂರು ಹೊಲಿಗೆ ಮೂವತ್ತು ವರ್ಷ ಹಿಂದೆ ಬಿದ್ದವು, ಕಬ್ಬು ತುಂಬಿ ನಿಂತ ಗಾಡಿಗೆ ಹಾಯ್ದು. ಆಗ ಇದು ಇರಬೇಕಿತ್ತು.

ನನ್ನ ಕೊನೆಯ ಶಿಷ್ಯೆ ತುರುವೇಕೆರೆ ಕಡೆಯ ಹುಡುಗಿ, ಹತ್ತೊಂಬತ್ತು ವರ್ಷ. ಮನೆಯಿಂದ ಕೆರೆ ಏರಿ ದಾಟಿ ಅಂಗಡಿಗೆ ಒಬ್ಬಳೇ ಹೋಗಿ ಬರುವುದು ಅವಳ ಪರೀಕ್ಷೆ. ಏರಿಯ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಇಳಿಜಾರು. ಅವಳಮ್ಮ ಹಿಂದಿನ ದಿನವೆಲ್ಲ ಊಟ ಬಿಟ್ಟಿದ್ದರು. "ಏನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ ಮೇಡಂ" ಅಂದಿದ್ದರು. ಬಿಡಬೇಡಿ ಅಂದೆ. ನಾನು ತೂಬಿನ ಹತ್ತಿರದ ಕಟ್ಟೆಯ ಮೇಲೆ ಕೂತು ಕಿವಿ ಕೊಟ್ಟೆ. ಟಕ್, ಟಕ್, ಒಳ್ಳೆಯ ಲಯ. ಅದರ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಇನ್ನೊಂದು ಸಣ್ಣ ಸದ್ದು. ಚಪ್ಪಲಿಯದಲ್ಲ, ಚಪ್ಪಲಿ ಕೈಯಲ್ಲಿ ಹಿಡಿದಿದ್ದರೆಂದು ಆಮೇಲೆ ತಿಳಿಯಿತು. ಟಕ್ ಟಕ್ ನಿಂತಿತು.

"ಅವ್ವ, ಬಳೆ ಸದ್ದು ಕೇಳ್ತೈತೆ ಕಣವ್ವ" ಅಂದಳು ಹುಡುಗಿ.

ಹಿಂದಿನಿಂದ ಉತ್ತರವಿಲ್ಲ.

"ಹೆಂಗೂ ಬಂದಿದ್ದೀಯ, ಅಂಗ್ಡೀಲಿ ಏನೇನು ತರ್ಬೇಕು ಹೇಳು. ಹೇಳ್ಬಿಟ್ಟು ಮನೆಗೋಗು."

"ಬೆಲ್ಲ, ಅರ್ಧ ಕೇಜಿ" ಅಂತ ಸಣ್ಣ ದನಿ ಬಂತು. "ಕಲ್ಲುಪ್ಪು. ಬೆಂಕಿಪೊಟ್ಣ ಎರಡು."